ಐದನೆಯ ಶೀಲ ಮತ್ತು ದೊಡ್ಡಪ್ಪನ ಮೌನ

1

ಕಳೆದ ಬುದ್ಧ ಪೂರ್ಣಿಮೆಯ ದಿನ ನಮ್ಮ ದೊಡ್ಡಪ್ಪನನ್ನು ಕರೆದುಕೊಂಡು ವಿಹಾರಕ್ಕೆ ಹೋಗಿದ್ದೆ. ವಿಹಾರ ಅಂದರೆ ದೊಡ್ಡದೇನಲ್ಲ. ಶೀಟು ಹೊದಿಸಿದ ಒಂದು ಹಾಲು, ಬುದ್ಧನ ಮೂರ್ತಿ, ಪಕ್ಕದಲ್ಲಿ ಬಾಬಾಸಾಹೇಬರ ಫೋಟೋ, ಹೊರಗೆ ಒಂದು ನಲ್ಲಿ. ಬೇರೆ ಊರಿಂದ ಬಂದಿದ್ದ ಭಂತೇಜಿಯವರು ಮೊದಲು ತ್ರಿಸರಣ ಹೇಳಿಸಿದರು, ಆಮೇಲೆ ಪಂಚಶೀಲ. ಒಂದೊಂದನ್ನೇ ಪಾಲಿಯಲ್ಲಿ ಹೇಳಿ, ಕನ್ನಡದಲ್ಲಿ ಅರ್ಥ ಬಿಡಿಸಿ, ನಮ್ಮಿಂದಲೂ ಹೇಳಿಸುತ್ತಿದ್ದರು. ಜೀವ ತೆಗೆಯುವುದಿಲ್ಲ, ಕೊಡದೆ ಇದ್ದದ್ದನ್ನು ತೆಗೆದುಕೊಳ್ಳುವುದಿಲ್ಲ, ಕಾಮದಲ್ಲಿ ತಪ್ಪಿ ನಡೆಯುವುದಿಲ್ಲ, ಸುಳ್ಳಾಡುವುದಿಲ್ಲ. ಈ ನಾಲ್ಕನ್ನೂ ದೊಡ್ಡಪ್ಪ ಎಲ್ಲರಿಗಿಂತ ಗಟ್ಟಿ ಗಂಟಲಲ್ಲಿ ಹೇಳಿದ. ಐದನೆಯದು ಕುಡಿತದ್ದು. ಹಾಲಿನಲ್ಲಿದ್ದವರೆಲ್ಲ ಹೇಳಿದರು. ದೊಡ್ಡಪ್ಪ ಮಾತ್ರ ಬಾಯಿ ಬಿಡಲಿಲ್ಲ. ಕೈ ಮುಗಿದುಕೊಂಡು ಸುಮ್ಮನೆ ಕೂತಿದ್ದ.

ಪಕ್ಕದಲ್ಲಿದ್ದ ಒಂದಿಬ್ಬರು ತಿರುಗಿ ನೋಡಿದರು. ಕಾಲೇಜಿನಲ್ಲಿ ಪಾಠ ಹೇಳುವ ನನಗೆ ನಾಚಿಕೆಯಾಯಿತು. ಹೊರಗೆ ಬಂದ ಮೇಲೆ ಸ್ವಲ್ಪ ಸಿಟ್ಟಿನಲ್ಲೇ ಕೇಳಿದೆ, 'ಅಷ್ಟೂ ಹೇಳ್ದೋನು ಅದೊಂದು ಹೇಳಕ್ಕೇನಾಗಿತ್ತು ದೊಡ್ಡಪ್ಪ?' ಅಂತ. ದೊಡ್ಡಪ್ಪ ನಲ್ಲಿಯಲ್ಲಿ ಕೈ ತೊಳೆಯುತ್ತ ಹೇಳಿದ: 'ನೋಡ್ಲಾ ಮಗ, ನಾಕ್ನೇದ್ರಲ್ಲಿ ಸುಳ್ ಹೇಳಕಿಲ್ಲ ಅಂದ್ಬುಟ್ಟೆ. ಐದ್ನೇದೂ ಹೇಳಿದ್ರೆ ಅಲ್ಲೇ ನಾಕ್ನೇದು ಮುರ್ದೋಯ್ತದೆ ಕನಾ. ಅದ್ಕೆ ಸುಮ್ಗಾದೆ.'

ನಮ್ಮ ದೊಡ್ಡಪ್ಪ ಗುತ್ತಿಗೆ ಪೌರಕಾರ್ಮಿಕ. ಕಸ ಗುಡಿಸುವುದು ದಿನದ ಕೆಲಸ. ಚರಂಡಿ ಕಟ್ಟಿಕೊಂಡರೆ, ಯುಜಿಡಿ ತುಂಬಿ ರಸ್ತೆಗೆ ಹರಿದರೆ ಕರೆ ಬರುವುದು ಅವನಿಗೇ. ಮಲದ ಗುಂಡಿಗೆ ಮನುಷ್ಯರನ್ನು ಇಳಿಸಬಾರದು ಅಂತ ಕಾನೂನಿದೆ. 1993ರಲ್ಲಿ ಒಂದಾಯಿತು, 2013ರಲ್ಲಿ ಇನ್ನೊಂದಾಯಿತು. ಕಾನೂನು ಪುಸ್ತಕದಲ್ಲಿ ಇಳಿಯಿತು, ದೊಡ್ಡಪ್ಪ ಗುಂಡಿಯಲ್ಲಿ ಇಳಿದ. ಒಂದು ಕ್ವಾಟ್ರು ಹಾಕದೆ ಆ ವಾಸನೆಯ ಮುಂದೆ ನಿಲ್ಲುವುದಕ್ಕಾಗುವುದಿಲ್ಲ ಅನ್ನುತ್ತಾನೆ. ಇಳಿಯುವ ಮೊದಲು ಕ್ವಾಟ್ರಿಗೆ ಕಾಸು ಕೊಡುವವನೂ ಕೆಲಸ ಹೇಳಿದವನೇ.

'ದಲಿತ ವಿಮರ್ಶೆ' ಅಂತ ಒಂದು ಸಂಚಿಕೆ ಮಾಡುತ್ತಿದ್ದೇವೆ, ಬೌದ್ಧ ತಾತ್ವಿಕತೆಯ ಬಗ್ಗೆ ಏನಾದರೂ ಬರೆದುಕೊಡಿ ಎಂದು ಗೆಳೆಯರು ಕೇಳಿದಾಗ ನನಗೆ ನೆನಪಾದದ್ದು ನಾಗಾರ್ಜುನನ ಶೂನ್ಯವಾದ ಅಲ್ಲ, ದೊಡ್ಡಪ್ಪನ ಈ ಮೌನ. ಇದು ಶೀಲಭಂಗವೋ, ಶೀಲಪಾಲನೆಯೋ? ಈ ಪ್ರಶ್ನೆಗೆ ಉತ್ತರ ಕೊಡುವ ಪರಿಭಾಷೆ ನಮ್ಮ ವಿಮರ್ಶೆಯಲ್ಲಿ ಇದೆಯೋ ಇಲ್ಲವೋ ಎಂಬುದೇ ಈ ಲೇಖನದ ವಿಷಯ.

2

ಕನ್ನಡಕ್ಕೆ ಬುದ್ಧ ಹೊಸಬನಲ್ಲ. ಗೋವಿಂದ ಪೈಗಳ 'ವೈಶಾಖಿ' ಇದೆ, ಮಾಸ್ತಿಯವರ 'ಯಶೋಧರಾ' ನಾಟಕವಿದೆ, ಪಾಲಿ ಭಾಷೆಯಿಂದ ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ತಂದ ಜಿ.ಪಿ. ರಾಜರತ್ನಂ ಇದ್ದಾರೆ. ಈ ಬರಹಗಳ ಬಗ್ಗೆ ಗೌರವ ಇಟ್ಟುಕೊಂಡೇ ಒಂದು ಮಾತು ಹೇಳಬೇಕು. ಇಲ್ಲಿ ಮುಖ್ಯವಾಗುವ ಬುದ್ಧ ಬಿಟ್ಟು ಹೋಗುವ ಬುದ್ಧ, ಇಲ್ಲವೇ ಕಣ್ಣು ಮುಚ್ಚುವ ಬುದ್ಧ. ಅರಮನೆ ಬಿಡುತ್ತಾನೆ, ಹೆಂಡತಿ ಮಗನನ್ನು ಬಿಡುತ್ತಾನೆ, ಕೊನೆಗೆ ದೇಹ ಬಿಡುತ್ತಾನೆ. ನಡುವಿನ ನಲವತ್ತೈದು ವರ್ಷ ಆತ ಊರೂರು ಅಲೆದು, ಉಣ್ಣುವುದು, ಮಲಗುವುದು, ಬೈಯುವುದು, ದುಡಿಸಿಕೊಳ್ಳುವುದು ಇಂಥ ಚಿಲ್ಲರೆ ಸಂಗತಿಗಳ ಬಗ್ಗೆ ನಡೆಸಿದ ಅಷ್ಟೂ ಮಾತುಕತೆ ನಮ್ಮ ಕಾವ್ಯದ ಸಂವೇದನೆಗೆ ಬೇಕಾಗಲಿಲ್ಲ. ಉಂಡು ಮಲಗಲು ಜಾಗವಿದ್ದವರಿಗೆ ತ್ಯಾಗ ದೊಡ್ಡದಾಗಿ ಕಾಣುತ್ತದೆ. ಬಿಡುವುದಕ್ಕೇ ಏನೂ ಇಲ್ಲದವರು ಈ ಬುದ್ಧನನ್ನು ಏನು ಮಾಡಬೇಕು?

ರಾಜರತ್ನಂ ವಿಷಯದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಐದನೆಯ ಶೀಲವನ್ನು ಪಾಲಿಯಲ್ಲಿ ಬಲ್ಲ ಈ ವಿದ್ವಾಂಸರೇ ಕನ್ನಡಕ್ಕೆ ಯೆಂಡ್ಕುಡ್ಕ ರತ್ನನನ್ನೂ ಕೊಟ್ಟರು. ಒಂದೇ ಕೈ ಧರ್ಮಗ್ರಂಥವನ್ನೂ ಬರೆಯಿತು, ಹೆಂಡದಂಗಡಿಯ ಪದವನ್ನೂ ಬರೆಯಿತು. ಆದರೆ ನಮ್ಮ ವಿಮರ್ಶೆ ಈ ಎರಡನ್ನು ಒಂದು ಕಡೆ ಕೂರಿಸಿ ಮಾತಾಡಿಸಿದ್ದು ಕಡಿಮೆ. ಒಂದು ವಿದ್ವತ್ತಿನ ಕಪಾಟಿಗೆ ಹೋಯಿತು, ಇನ್ನೊಂದು ಸಂಗೀತದ ವೇದಿಕೆಗೆ ಹೋಯಿತು. ಹೆಂಡ ಕುಡಿಯುವ ಮನುಷ್ಯನಿಗೂ ಒಂದು ನೀತಿಯ ಬದುಕಿದೆ, ಅವನೂ ಸತ್ಯದ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾನೆ ಎಂಬ ಅನುಮಾನವಾದರೂ ಆ ಪದಗಳಲ್ಲಿ ಇದೆ. ಧರ್ಮಗ್ರಂಥದ ಓದುಗರಿಗೆ ಆ ಅನುಮಾನ ದಾಟಲೇ ಇಲ್ಲ.

ದಲಿತ ಕಾವ್ಯಕ್ಕೆ ಬಂದರೆ ಬುದ್ಧ ಇಲ್ಲಿ ಪ್ರತಿಭಟನೆಯ ರೂಪಕವಾದ, ಬಾಬಾಸಾಹೇಬರ ಜತೆ ಸೇರಿ ಬೆಳಕಾದ. ಇದು ಚರಿತ್ರೆಯ ಒತ್ತಾಯ. ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ರೂಪಕವಾದ ಬುದ್ಧನ ಮುಂದೆ ಯಾರೂ ಕೂತು ಶೀಲ ಹೇಳಬೇಕಾಗಿಲ್ಲ. ರೂಪಕ ನಮ್ಮನ್ನು ಏನೂ ಕೇಳುವುದಿಲ್ಲ. ಶೀಲ ಕೇಳುತ್ತದೆ. ಬೆಳಗ್ಗೆ ಎದ್ದು ನೀನು ಯಾರ ಜತೆ ಹೇಗೆ ನಡೆದುಕೊಂಡೆ ಅಂತ ಕೇಳುತ್ತದೆ. ಕವಿತೆಯಲ್ಲಿ ಬುದ್ಧ ಎಷ್ಟು ಸಲ ಬಂದ ಅಂತ ಲೆಕ್ಕ ಹಾಕುವ ವಿಮರ್ಶೆ ಈ ಕೇಳುವಿಕೆಯನ್ನು ತಪ್ಪಿಸಿಕೊಳ್ಳುತ್ತಿದೆ ಅಂತ ನನ್ನ ಗುಮಾನಿ.

3

ಮೊದಲು ಮಾತುಗಳನ್ನೇ ನೋಡೋಣ. ನಾವು 'ಶೀಲ' ಎಂದ ತಕ್ಷಣ ಕನ್ನಡದಲ್ಲಿ ಹೆಂಗಸಿನ ಶೀಲ ನೆನಪಿಗೆ ಬರುತ್ತದೆ. ಕೆಡುವಂಥದ್ದು, ಮತ್ತೆ ಸರಿಯಾಗದ್ದು. ಪಂಚಶೀಲದ ಪಾಲಿ ಮಾತಿನಲ್ಲಿ ಈ ಅರ್ಥ ಇಲ್ಲ. ಅಲ್ಲಿ ಪ್ರತಿಯೊಂದು ಶೀಲವೂ ಒಂದು 'ಸಿಕ್ಖಾಪದ'. ಸಿಕ್ಖಾ ಎಂದರೆ ಕಲಿಕೆ, ಪದ ಎಂದರೆ ಹೆಜ್ಜೆ. 'ವೇರಮಣಿ' ಎಂದರೆ ದೂರ ಸರಿಯುವುದು. 'ಸಮಾದಿಯಾಮಿ' ಎಂದರೆ ನಾನಾಗಿ ಕೈಗೊಳ್ಳುತ್ತೇನೆ. ಮೇಲಿಂದ ಯಾರೋ ಆಜ್ಞೆ ಮಾಡಿದ್ದಲ್ಲ, ತಪ್ಪಿದರೆ ನರಕ ಅಂತ ಹೆದರಿಸಿದ್ದಲ್ಲ. ಕಲಿಯುವವನು ತಪ್ಪುತ್ತಾನೆ, ಮತ್ತೆ ಕಲಿಯುತ್ತಾನೆ. ನಾವು ಮೇಷ್ಟ್ರುಗಳಿಗೆ ಇದು ಬೇಗ ಅರ್ಥವಾಗಬೇಕು.

ಥೇರವಾದ ಪದ್ಧತಿಯ ದೇಶಗಳಲ್ಲಿ ಗೃಹಸ್ಥರು ಶೀಲ ಬೇಡುವಾಗ 'ವಿಸುಂ ವಿಸುಂ' ಎಂಬ ಮಾತು ಸೇರಿಸಿಕೊಳ್ಳುವ ರೂಢಿಯಿದೆ. ಬೇರೆ ಬೇರೆಯಾಗಿ ಎಂದರ್ಥ. ಐದನ್ನೂ ಒಂದು ಗಂಟಾಗಿ ಹೊತ್ತರೆ ಒಂದು ಜಾರಿದಾಗ ಗಂಟೇ ಬೀಳುತ್ತದೆ. ಬಿಡಿಬಿಡಿಯಾಗಿ ಹೊತ್ತರೆ ಒಂದು ಜಾರಿದರೂ ಮಿಕ್ಕ ನಾಲ್ಕು ಉಳಿಯುತ್ತವೆ. ನಮ್ಮ ದೊಡ್ಡಪ್ಪ ಈ ಪಾಲಿ ಮಾತನ್ನು ಕೇಳಿದವನಲ್ಲ. ಆದರೂ ಮಾಡಿದ್ದು ಅದನ್ನೇ. ಹೊರಲಾಗುವ ನಾಲ್ಕನ್ನು ಹೊತ್ತ, ಹೊರಲಾಗದ ಒಂದನ್ನು ಹೊತ್ತಂತೆ ನಟಿಸಲಿಲ್ಲ. ಕನ್ನಡದ ಎಷ್ಟೋ ಬಂಡಾಯ ಭಾಷಣಗಳಿಗಿಂತ ಈ ಲೆಕ್ಕಾಚಾರ ಹೆಚ್ಚು ನಿಷ್ಠುರವಾದದ್ದು.

ಈಗ ನನ್ನ ಲೆಕ್ಕ ಹೇಳುತ್ತೇನೆ. ಐದನ್ನೂ ಅವತ್ತು ನಾನು ಸ್ಪಷ್ಟ ಉಚ್ಚಾರಣೆಯಲ್ಲಿ ಹೇಳಿದೆ. ನಾನು ಕುಡಿಯುವವನಲ್ಲ. ಆದರೆ ಕೆಲಸಕ್ಕೆ ಸೇರಿದ ಊರಿನಲ್ಲಿ ಮನೆ ಹುಡುಕುವಾಗ ಮೂರು ಕಡೆ 'ನೀವು ಯಾವ ಜನ?' ಎಂಬ ಪ್ರಶ್ನೆ ಬಂದು, ಮೂರೂ ಕಡೆ ಮನೆ ಆಗಲೇ ಬೇರೆಯವರಿಗೆ ಹೋಗಿತ್ತು. ನಾಲ್ಕನೆಯ ಕಡೆ ನಾನೇ ಮುಂದಾಗಿ, ನಾವು ಮಾಂಸ ಮುಟ್ಟುವುದಿಲ್ಲ ಅಂದೆ. ಅಷ್ಟಕ್ಕೇ ಅವರು ಉಳಿದದ್ದನ್ನು ತಾವೇ ಊಹಿಸಿಕೊಂಡರು. ನಾನು ತಿದ್ದಲಿಲ್ಲ. ಈಗ ಊರಿಂದ ಅವ್ವ ಬಂದರೆ ಬಾಡಿನೆಸರು ಮಾಡುವ ಹಾಗಿಲ್ಲ. ದೊಡ್ಡಪ್ಪ ಬಂದರೆ ಬಸ್‌ಸ್ಟ್ಯಾಂಡಿನಲ್ಲೇ ಮಾತಾಡಿಸಿ ಕಳಿಸುತ್ತೇನೆ. ಹೀಗೆ ನಾಲ್ಕನೆಯ ಶೀಲವನ್ನು ಬಾಡಿಗೆ ಕರಾರಿನ ಜತೆ ಮುರಿದು ಕೊಟ್ಟಿರುವ ನಾನು, ಆ ದಿನ ದೊಡ್ಡಪ್ಪನ ಬಗ್ಗೆ ನಾಚಿಕೊಂಡೆ.

4

ಎರಡನೆಯ ಶೀಲದ ಪಾಲಿ ಪದ 'ಅದಿನ್ನಾದಾನ'. ಅದಿನ್ನ ಅಂದರೆ ಕೊಡದೆ ಇದ್ದದ್ದು. ಆದಾನ ಅಂದರೆ ತೆಗೆದುಕೊಳ್ಳುವುದು. ನಾವು ಇದನ್ನು 'ಕಳ್ಳತನ' ಎಂದು ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ಹಾಗೆ ಮುಗಿಸಿದಾಗ ಕಳ್ಳ ಮಾತ್ರ ಕಾಣುತ್ತಾನೆ. ಮೂಲದ ಮಾತಿನಲ್ಲಾದರೆ ಇನ್ನೊಬ್ಬನೂ ಇದ್ದಾನೆ. ಕೊಡದೆ ಇದ್ದವನು.

ದೇವನೂರ ಮಹಾದೇವರ 'ಒಡಲಾಳ'ವನ್ನು ಈ ಮಾತು ಇಟ್ಟುಕೊಂಡು ಓದಬೇಕು. ಸಾಕವ್ವನ ಮನೆಗೆ ಸಾಹುಕಾರನ ಕಡಲೆಕಾಯಿ ಕದ್ದು ಬರುತ್ತದೆ. ಮನೆಮಂದಿಯೆಲ್ಲ ರಾತ್ರಿ ಬೆಂಕಿ ಸುತ್ತ ಕೂತು ತಿನ್ನುತ್ತಾರೆ. ಆಮೇಲೆ ಪೊಲೀಸರು ಬರುತ್ತಾರೆ. ನಾನು ಪಾಠ ಮಾಡುವಾಗ ವಿದ್ಯಾರ್ಥಿಗಳು ಪ್ರತಿವರ್ಷ ಕೇಳುವ ಪ್ರಶ್ನೆ: 'ಸಾರ್, ಕದ್ದಿದ್ದು ತಪ್ಪಲ್ವಾ?' ಒಂದು ಕಾಲಕ್ಕೆ ಇದಕ್ಕೆ ನನ್ನ ಹತ್ತಿರ ವರ್ಗಸಂಘರ್ಷದ ಉತ್ತರವಿತ್ತು. ಹಸಿದವನಿಗೆ ನೀತಿ ಇಲ್ಲ ಅಂತ. ಈಗ ಆ ಉತ್ತರ ನನಗೆ ಸಾಲದು. ಅದು ಸಾಕವ್ವನನ್ನು ನೀತಿಯಿಂದಲೇ ಆಚೆ ತಳ್ಳುತ್ತದೆ, ಅವಳ ಮನೆಯನ್ನು ಬರೀ ಹೊಟ್ಟೆಯನ್ನಾಗಿ ಮಾಡುತ್ತದೆ. ಆ ರಾತ್ರಿಯ ಪುಟಗಳಲ್ಲಿ ಇರುವುದು ಬರೀ ಹೊಟ್ಟೆಯಲ್ಲ. ಇದ್ದದ್ದನ್ನು ಎಲ್ಲರೂ ಕೂತು ಹಂಚಿಕೊಳ್ಳುವ ಒಂದು ಕ್ರಮವೂ ಅಲ್ಲಿದೆ.

ದೀಘನಿಕಾಯದ ಚಕ್ಕವತ್ತಿ ಸೀಹನಾದ ಸುತ್ತದಲ್ಲಿ ಶೀಲ ಹೇಗೆ ಕೆಟ್ಟಿತು ಎಂಬುದಕ್ಕೆ ಒಂದು ಕತೆಯಿದೆ. ರಾಜನೊಬ್ಬ ಉಳಿದೆಲ್ಲ ರಾಜಧರ್ಮ ಪಾಲಿಸಿದ, ಆದರೆ ಇಲ್ಲದವರಿಗೆ ಕೊಡಲಿಲ್ಲ. ಕೊಡದೆ ಇದ್ದುದರಿಂದ ಬಡತನ ಹೆಚ್ಚಿತು. ಬಡತನದಿಂದ ಕಳವು ಬಂತು. ಕಳ್ಳನ ತಲೆ ಕಡಿಸಿದ್ದರಿಂದ ಜನರ ಕೈಗೂ ಆಯುಧ ಬಂತು, ಕೊಲೆ ಬಂತು. ಕೊಲೆಗೆ ಹೆದರಿ ಸುಳ್ಳು ಬಂತು. ಸಾಲು ಗಮನಿಸಬೇಕು. ಶೀಲಭಂಗ ಕೇರಿಯಿಂದ ಶುರುವಾಗುವುದಿಲ್ಲ, ಅರಮನೆಯಿಂದ ಶುರುವಾಗುತ್ತದೆ. ಕೂಟದಂತ ಸುತ್ತದಲ್ಲಿ ಇದರ ಇನ್ನೊಂದು ಮಗ್ಗುಲಿದೆ. ದರೋಡೆ ನಿಲ್ಲಬೇಕಾದರೆ ದಂಡನೆಯಿಂದಾಗದು, ಬೇಸಾಯಗಾರನಿಗೆ ಬೀಜ ಕೊಡು, ವ್ಯಾಪಾರಿಗೆ ಬಂಡವಾಳ ಕೊಡು, ದುಡಿಯುವವನಿಗೆ ಕೂಲಿ ಕೊಡು ಎಂಬ ಸಲಹೆ ಅಲ್ಲಿ ರಾಜನಿಗೆ ಸಿಗುತ್ತದೆ.

ಹಾಗಂತ ಬೌದ್ಧ ಪಠ್ಯಗಳನ್ನೆಲ್ಲ ಕಣ್ಣಿಗೊತ್ತಿಕೊಳ್ಳಬೇಕು ಅಂತ ನಾನು ಹೇಳುತ್ತಿಲ್ಲ. ಗೃಹಸ್ಥರ ವಿನಯ ಎಂದೇ ಹೆಸರಾದ ಸಿಗಾಲೋವಾದ ಸುತ್ತವನ್ನು ತೆಗೆದುಕೊಳ್ಳಿ. ದುಡಿಸಿಕೊಳ್ಳುವವನಿಗೆ ಅಲ್ಲಿ ಐದು ಕರ್ತವ್ಯಗಳಿವೆ: ಆಳಿನ ಶಕ್ತಿ ನೋಡಿ ಕೆಲಸ ಹೇಳುವುದು, ಊಟ ಕೂಲಿ ಕೊಡುವುದು, ಕಾಯಿಲೆ ಬಿದ್ದಾಗ ನೋಡಿಕೊಳ್ಳುವುದು, ರುಚಿಯಾದದ್ದು ಸಿಕ್ಕಿದರೆ ಹಂಚಿಕೊಳ್ಳುವುದು, ಹೊತ್ತಿಗೆ ಸರಿಯಾಗಿ ಬಿಡುವು ಕೊಡುವುದು. ನಮ್ಮ ಪಟ್ಟಣಗಳ ಗುತ್ತಿಗೆ ಪದ್ಧತಿಯನ್ನು ಈ ಐದರ ಮುಂದೆ ನಿಲ್ಲಿಸಿದರೆ ಒಂದರಲ್ಲೂ ಪಾಸಾಗುವುದಿಲ್ಲ. ಆದರೆ ಅದೇ ಸುತ್ತದಲ್ಲಿ ದಾಸರನ್ನೂ ಆಳುಗಳನ್ನೂ ಇಟ್ಟಿರುವುದು ಆರು ದಿಕ್ಕುಗಳಲ್ಲಿ 'ಕೆಳಗಿನ ದಿಕ್ಕಿ'ನಲ್ಲಿ. ಆಳು ಯಜಮಾನನಿಗಿಂತ ಮುಂಚೆ ಏಳಬೇಕು, ಅವನು ಮಲಗಿದ ಮೇಲೆ ಮಲಗಬೇಕು, ಕೊಟ್ಟದ್ದನ್ನು ಮಾತ್ರ ತೆಗೆದುಕೊಳ್ಳಬೇಕು, ಹೋದಲ್ಲಿ ಅವನ ಒಳ್ಳೆಯ ಹೆಸರು ಹಾಡಬೇಕು. ಸಾಕವ್ವನ ಮಕ್ಕಳು ಹುಟ್ಟಿದಾಗಿನಿಂದ ಮಾಡಿಕೊಂಡು ಬಂದದ್ದು ಇದನ್ನೇ ಅಲ್ಲವೇ? ಇಲ್ಲಿ ಬುದ್ಧನ ಕಾಲದ ಗಡಿ ಕಾಣುತ್ತದೆ. ಕರುಣೆ ಇದೆ, ಆದರೆ ಕೆಳಗಿನ ದಿಕ್ಕು ಕೆಳಗೇ ಇದೆ. ದಲಿತ ವಿಮರ್ಶೆ ಈ ಎರಡನ್ನೂ ಒಟ್ಟಿಗೆ ಹೇಳುವ ಎದೆಗಾರಿಕೆ ತೋರಬೇಕು.

5

ಗೃಹಸ್ಥರ ಮಾತಾಯಿತು. ಸಂಘದೊಳಗಿನ ಬದುಕು ಹೇಗಿತ್ತು? ಥೇರವಾದ ವಿನಯದಲ್ಲಿ ಭಿಕ್ಖುಗಳಿಗೆ 227 ನಿಯಮ, ಭಿಕ್ಖುಣಿಯರಿಗೆ 311. ಹೆಣ್ಣಿಗೆ ಹೆಚ್ಚು ನಿಯಮ ಯಾಕೆ ಎಂಬ ಪ್ರಶ್ನೆಯನ್ನು ಮಹಿಳಾ ವಿಮರ್ಶಕರು ಕೇಳಿದ್ದಾರೆ, ಕೇಳುತ್ತಲೇ ಇರಬೇಕು. ನಾನು ಇಲ್ಲಿ ಬೇರೆ ಒಂದು ಸಂಗತಿ ಗಮನಿಸುತ್ತೇನೆ. ಈ ನಿಯಮಗಳು ಒಂದೇ ದಿನ ಕೂತು ಬರೆದ ಶಾಸ್ತ್ರವಲ್ಲ ಎಂದು ವಿನಯ ತಾನೇ ಹೇಳಿಕೊಳ್ಳುತ್ತದೆ. ಯಾರೋ ಒಬ್ಬ ಏನೋ ಮಾಡಿದ, ಜನ ಆಡಿಕೊಂಡರು, ಬುದ್ಧನ ಕಿವಿಗೆ ಬಿತ್ತು, ಆಗ ಒಂದು ನಿಯಮ. ಪ್ರತಿ ನಿಯಮದ ಹಿಂದೆಯೂ ಒಂದು ಊರು, ಒಬ್ಬ ಮನುಷ್ಯ, ಒಂದು ಮುಜುಗರ. ಕತೆಗಳ ಭಂಡಾರವಾಗಿ ವಿನಯಪಿಟಕವನ್ನು ಕನ್ನಡ ವಿಮರ್ಶೆ ಇನ್ನೂ ಮನಸ್ಸಿಟ್ಟು ಓದಬೇಕಾಗಿದೆ.

ಇನ್ನೊಂದು ಸಂಗತಿ. ಮೊದಲ ಸಂಗೀತಿಯಲ್ಲಿ ಈ ವಿನಯವನ್ನು ಒಪ್ಪಿಸಿದವನು ಉಪಾಲಿ. ಕ್ಷೌರಿಕ. ಶಾಕ್ಯ ರಾಜಕುಮಾರರು ದೀಕ್ಷೆಗೆ ಬಂದಾಗ, ಇವನಿಗೇ ಮೊದಲು ದೀಕ್ಷೆ ಕೊಡಿ, ಆಗ ನಾವು ಇವನಿಗೆ ನಮಸ್ಕಾರ ಮಾಡಬೇಕಾಗುತ್ತದೆ, ನಮ್ಮ ಕುಲದ ಸೊಕ್ಕು ಇಳಿಯುತ್ತದೆ ಎಂದು ಕೇಳಿಕೊಂಡರಂತೆ. ಸಂಘದ ಸಂವಿಧಾನ ಒಬ್ಬ ಕ್ಷೌರಿಕನ ನಾಲಗೆಯಿಂದ ಬಂತು ಎಂಬುದನ್ನು ಬಾಬಾಸಾಹೇಬರನ್ನು ಬಲ್ಲ ನಾವು ಬೇಗ ಗುರುತಿಸಬೇಕಿತ್ತು.

ಚುಲ್ಲವಗ್ಗದಲ್ಲಿ ಪಾಯಿಖಾನೆಗೆ ಸಂಬಂಧಿಸಿದ ನಡಾವಳಿಗಳಿವೆ. 'ವಚ್ಚಕುಟಿವತ್ತ' ಎಂದು ಹೆಸರು. ಅಲ್ಲಿಗೆ ಹಿರಿತನದ ಪ್ರಕಾರ ಹೋಗಬಾರದು, ಬಂದ ಸರದಿಯ ಪ್ರಕಾರ ಹೋಗಬೇಕು. ಹಿರಿಯರಿಗಾಗಿ ಕಾದು ಕಾದು ಕಿರಿಯರು ಸುಸ್ತಾಗಿ ಬಿದ್ದ ಮೇಲೆ ಬಂದ ನಿಯಮ ಇದು. ಗಲೀಜಾಗಿದ್ದರೆ ಬಳಸಿದವರೇ ತೊಳೆಯಬೇಕು, ತೊಟ್ಟಿಯಲ್ಲಿ ನೀರಿಲ್ಲದಿದ್ದರೆ ತುಂಬಿಸಿಡಬೇಕು. ಬ್ರಾಹ್ಮಣ ಕುಲದಿಂದ ಬಂದ ಒಬ್ಬ ಭಿಕ್ಖು ಇಂಥ ನಾತದ್ದನ್ನು ಯಾರು ಮುಟ್ಟುತ್ತಾರೆ ಎಂದು ತನ್ನನ್ನು ತಾನೇ ತೊಳೆದುಕೊಳ್ಳುತ್ತಿರಲಿಲ್ಲವಂತೆ. ಅದಕ್ಕೂ ಒಂದು ನಿಯಮ ಬಂತು. ಹೊಟ್ಟೆ ಕೆಟ್ಟು ತನ್ನ ಮಲದಲ್ಲೇ ಬಿದ್ದಿದ್ದ ಒಬ್ಬ ಭಿಕ್ಖುವನ್ನು ಬುದ್ಧ ಮತ್ತು ಆನಂದ ಸೇರಿ ತೊಳೆದು ಮಂಚಕ್ಕೆ ಮಲಗಿಸಿದ ಪ್ರಸಂಗ ಮಹಾವಗ್ಗದಲ್ಲಿ ಬರುತ್ತದೆ.

ನನಗೆ ಇದು ಧ್ಯಾನದ ಬಗೆಗಿನ ಎಲ್ಲ ಪ್ರವಚನಗಳಿಗಿಂತ ದೊಡ್ಡ ತತ್ವವಾಗಿ ಕಾಣುತ್ತದೆ. ತನ್ನ ಹೇಸಿಗೆಯನ್ನು ತಾನು ತೊಳೆಯುವುದು ಶೀಲ. ಅದನ್ನು ಇನ್ನೊಂದು ಜಾತಿಯ ತಲೆಗೆ ಕಟ್ಟಿ, ಆಮೇಲೆ ಆ ಜಾತಿಯನ್ನು ಹೇಸಿಗೆ ಎನ್ನುವುದು ಈ ದೇಶದ ಸಂಸ್ಕೃತಿ. ದೊಡ್ಡಪ್ಪ ಇಳಿಯುವ ಗುಂಡಿಯಲ್ಲಿ ಯಾರ ಯಾರ ಶೀಲಭಂಗ ತುಂಬಿದೆ?

ಬೈಗುಳದ ವಿಷಯವೂ ಇದೆ. ಪಾಚಿತ್ತಿಯ ವರ್ಗದ ಮೊದಲ ನಿಯಮ ಸುಳ್ಳಾಡುವುದರ ವಿರುದ್ಧ. ಎರಡನೆಯದು 'ಓಮಸವಾದ', ಚುಚ್ಚಿ ಹೀನಾಯಿಸುವ ಮಾತಿನ ವಿರುದ್ಧ. ಜಾತಿ ಹಿಡಿದು, ಕಸುಬು ಹಿಡಿದು, ಕಾಯಿಲೆ ಹಿಡಿದು ಹೀಯಾಳಿಸುವುದೆಲ್ಲ ಅಪರಾಧ. ಚಂಡಾಲ, ಪುಕ್ಕುಸ ಮುಂತಾದ ಜಾತಿಗಳ ಹೆಸರನ್ನೇ ಎತ್ತಿ ವಿವರಣೆ ಕೊಡಲಾಗಿದೆ. 1989ರ ದೌರ್ಜನ್ಯ ತಡೆ ಕಾಯ್ದೆಗೆ ಬಹಳ ಹಿಂದಿನ ಒಬ್ಬ ಪೂರ್ವಜ ಇಲ್ಲಿದ್ದಾನೆ. ಆದರೆ ಆ ವಿವರಣೆ ಕೆಲವು ಜಾತಿಗಳನ್ನು 'ಹೀನ' ಎಂಬ ಪಟ್ಟಿಗೇ ಹಾಕಿಕೊಂಡು ಮುಂದೆ ಹೋಗುತ್ತದೆ. ಬೈಯಬಾರದು ಎನ್ನುತ್ತದೆ, ಪಟ್ಟಿ ಯಾರು ಮಾಡಿದರು ಎಂದು ಕೇಳುವುದಿಲ್ಲ.

ಮಿತಿಗಳು ಇಷ್ಟೇ ಅಲ್ಲ. ಓಡಿ ಬಂದ ದಾಸನಿಗೆ ದೀಕ್ಷೆ ಕೊಡಬಾರದು, ಸಾಲಗಾರನಿಗೆ ಕೊಡಬಾರದು ಎಂಬ ನಿಯಮಗಳು ಮಹಾವಗ್ಗದಲ್ಲೇ ಇವೆ. ಎಲ್ಲರಿಗೂ ಬಾಗಿಲು ತೆರೆದ ಸಂಘ ಯಜಮಾನರ ದೂರು ಬಂದಾಗ ಒಂದು ಬಾಗಿಲು ಹಾಕಿಕೊಂಡಿತು. ಬಿಂಬಿಸಾರ ರಾಜ ಒಬ್ಬ ಥೇರನಿಗೆ ಐನೂರು ಮಂದಿ 'ಆರಾಮಿಕ'ರನ್ನು ಕೊಟ್ಟ ಕತೆಯೂ ಉಂಟು. ಅವರದ್ದೇ ಒಂದು ಊರಾಯಿತಂತೆ. ಆ ಊರಿನವರ ಕತೆ ಯಾವ ಪಿಟಕದಲ್ಲಿದೆ? ಶ್ರೀಲಂಕಾದಲ್ಲಿ 1753ರಲ್ಲಿ ಶುರುವಾದ ಸಿಯಾಮ್ ನಿಕಾಯ ಮುಂದೆ ಗೊವಿಗಮ ಜಾತಿಯವರಿಗೆ ಮಾತ್ರ ಉಪಸಂಪದೆ ಎಂದಿತು. ಉಳಿದ ಜಾತಿಯವರು ಬರ್ಮಾಕ್ಕೆ ಹೋಗಿ ದೀಕ್ಷೆ ಪಡೆದು ಬಂದು 19ನೆಯ ಶತಮಾನದ ಆರಂಭದಲ್ಲಿ ಅಮರಪುರ ನಿಕಾಯ ಕಟ್ಟಬೇಕಾಯಿತು. ಕಾವಿ ಉಟ್ಟ ಮಾತ್ರಕ್ಕೆ ಜಾತಿ ಹೋಗುವುದಿಲ್ಲ.

ಬಾಬಾಸಾಹೇಬರಿಗೆ ಇದೆಲ್ಲ ಗೊತ್ತಿತ್ತು. 'ಬುದ್ಧ ಮತ್ತು ಅವನ ಧಮ್ಮ' (1957) ಗ್ರಂಥದ ಆರಂಭದಲ್ಲೇ ಅವರು ಎತ್ತುವ ಪ್ರಶ್ನೆಗಳಲ್ಲಿ ಒಂದು ಇದು: ಬುದ್ಧ ಭಿಕ್ಖುವನ್ನು ಸೃಷ್ಟಿಸಿದ್ದು ಯಾತಕ್ಕೆ, ಪರಿಪೂರ್ಣ ಮನುಷ್ಯನನ್ನು ಮಾಡಲಿಕ್ಕೋ, ಸಮಾಜದ ಸೇವಕನನ್ನು ಮಾಡಲಿಕ್ಕೋ? ತನ್ನ ಪಾಡಿಗೆ ತಾನು ಪರಿಪೂರ್ಣನಾಗಿ ಕೂತವನಿಂದ ಈ ಧಮ್ಮಕ್ಕೆ ಭವಿಷ್ಯವಿಲ್ಲ ಎಂಬುದು ಅವರ ನಿಲುವು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಮಾಡಿದ ಕ್ರಮವನ್ನೂ ನೋಡಿ. ತಾವು ಭಂತೆ ಚಂದ್ರಮಣಿಯವರಿಂದ ಸರಣ, ಶೀಲ ತೆಗೆದುಕೊಂಡರು. ಆಮೇಲೆ ಜನರಿಗೆ ತಾವೇ ಕೊಟ್ಟರು, ಜತೆಗೆ ಇಪ್ಪತ್ತೆರಡು ಪ್ರತಿಜ್ಞೆಗಳನ್ನು ಸೇರಿಸಿದರು. ಕಳವು, ಸುಳ್ಳು, ವ್ಯಭಿಚಾರ, ಕುಡಿತಗಳನ್ನು ಬಿಡುವ ಮಾತು ಅಲ್ಲಿ ಮತ್ತೆ ಬರುತ್ತದೆ. ಕೊಲ್ಲುವುದಿಲ್ಲ ಎಂಬುದರ ಜಾಗದಲ್ಲಿ ಮಾತ್ರ ಜೀವಿಗಳ ಮೇಲೆ ದಯೆಯಿಟ್ಟು ಅವನ್ನು ಕಾಪಾಡುತ್ತೇನೆ ಎಂದಿದೆ. ಬಿಡುವ ಶೀಲ ಇಲ್ಲಿ ಮಾಡುವ ಶೀಲವಾಯಿತು. ಪೂಜಾರಿಯೂ ಅಲ್ಲದ, ಭಿಕ್ಖುವೂ ಅಲ್ಲದ ಒಬ್ಬ ಸಂಸಾರಸ್ಥ ಲಕ್ಷಾಂತರ ಜನಕ್ಕೆ ಶೀಲ ಕೊಟ್ಟಾಗಲೇ ವಿಹಾರದ ಗೋಡೆ ಅರ್ಧ ಕುಸಿಯಿತು.

6

ಈಗ ನಮ್ಮ ಮನೆಯೊಳಗಿನ ಅಪಾಯದ ಮಾತು. ಶೀಲ ನಮ್ಮಲ್ಲಿ ಹೊಸ ಮಡಿಯಾಗುತ್ತಿದೆಯೇ? ಕುಡಿಯದ, ಬಾಡು ತಿನ್ನದ, ಬಿಳಿ ಬಟ್ಟೆ ಹಾಕಿದ, ಸಂಬಳ ಬರುವ ದಲಿತ 'ಒಳ್ಳೆಯ ಬೌದ್ಧ'. ಚರಂಡಿ ಬಾಚುವ, ಸಂಜೆ ತೂರಾಡುವ ದಲಿತ ಇನ್ನೂ 'ಸುಧಾರಿಸದವನು'. ಡಿ.ಆರ್. ನಾಗರಾಜ್ 'ದಿ ಫ್ಲೇಮಿಂಗ್ ಫೀಟ್' (1993) ಪುಸ್ತಕದಲ್ಲಿ ಗಾಂಧಿ-ಅಂಬೇಡ್ಕರ್ ಮುಖಾಮುಖಿಯನ್ನು ಆತ್ಮಶುದ್ಧಿ ಮತ್ತು ಆತ್ಮಗೌರವ ಎಂಬ ಎರಡು ಮಾತುಗಳಲ್ಲಿ ಹಿಡಿದರು. ಬಾಬಾಸಾಹೇಬರು ಶೀಲವನ್ನು ಕೊಟ್ಟದ್ದು ಆತ್ಮಗೌರವದ ಕಡೆಯಿಂದ. 1927ರಲ್ಲಿ ಮಹಾಡದಲ್ಲಿ ಸತ್ತ ದನದ ಬಾಡು ಬಿಡಿ ಎಂದಾಗಲೂ ಅದು ಆ ಕಡೆಯ ಮಾತೇ. ನಾವು ಅದನ್ನು ನಮಗೇ ಗೊತ್ತಿಲ್ಲದೆ ಆತ್ಮಶುದ್ಧಿಯ ಕಡೆಗೆ ದಾಟಿಸುತ್ತಿದ್ದೇವೆ. ಗಾಂಧಿ ಸವರ್ಣರಿಂದ ಕೇಳಿದ ಶುದ್ಧಿಯನ್ನು ನಾವು ನಮ್ಮ ದೊಡ್ಡಪ್ಪಂದಿರಿಂದ ಕೇಳುತ್ತಿದ್ದೇವೆ.

ಮಾಂಸದ ವಿಷಯದಲ್ಲಿ ಇದು ಢಾಳಾಗಿ ಕಾಣುತ್ತದೆ. ಸಂಘದಲ್ಲಿ ಮೀನು ಮಾಂಸ ನಿಷೇಧಿಸಬೇಕೆಂದು ಕೇಳಿದವನು ದೇವದತ್ತ. ಒಪ್ಪದೆ ಇದ್ದವನು ಬುದ್ಧ. ತನಗಾಗಿಯೇ ಕೊಂದದ್ದೆಂದು ಕಂಡಿರಬಾರದು, ಕೇಳಿರಬಾರದು, ಅನುಮಾನ ಬಂದಿರಬಾರದು, ಅಷ್ಟೇ ಷರತ್ತು. ಅಹಿಂಸೆಯನ್ನು ಬುದ್ಧ ನಿಯಮವಾಗಿ ಹೇರಲಿಲ್ಲ, ತತ್ವವಾಗಿ ಮುಂದಿಟ್ಟ ಎಂದು ಬಾಬಾಸಾಹೇಬರು ಬಿಡಿಸಿ ಹೇಳಿದ್ದಾರೆ. ಕರ್ನಾಟಕದಲ್ಲಿ 2020ರ ಗೋಹತ್ಯೆ ನಿಷೇಧ ಕಾಯ್ದೆ 2021ರಲ್ಲಿ ಜಾರಿಗೆ ಬಂದಾಗ ನಮ್ಮವರೇ ಕೆಲವರು 'ಬುದ್ಧನೂ ಅಹಿಂಸೆ ಹೇಳಿದ್ದಾನಲ್ವಾ' ಎಂದದ್ದು ನನ್ನ ಕಿವಿಗೆ ಬಿದ್ದಿದೆ. ನಾನು ಮನೆ ಮಾಲೀಕರಿಗೆ ಹೇಳಿದ ಸುಳ್ಳೂ ಇದೇ ಜಾತಿಯದು. ಅದಕ್ಕೆ ಬುದ್ಧನ ವೇಷ ಹಾಕುವುದು ಬಾಕಿಯಿತ್ತು ಅಷ್ಟೆ.

7

ಇಲ್ಲಿಗೆ ಲೇಖನ ಮುಗಿದಿದ್ದರೆ ಚೆನ್ನಾಗಿತ್ತು. ದೊಡ್ಡಪ್ಪನ ಮೌನವನ್ನು ಎತ್ತಿ ಹಿಡಿದು, ಶಿಷ್ಟರ ಶೀಲವನ್ನು ಇಳಿಸಿ ಬರೆದ ಖುಷಿಯಲ್ಲಿ ಊರಿಗೆ ಹೋದಾಗ ದೊಡ್ಡಮ್ಮನಿಗೆ ಓದಿ ಹೇಳಿದೆ. ಕೇಳಿ ಆದ ಮೇಲೆ ದೊಡ್ಡಮ್ಮ ಅಂದಳು: 'ನಿಂಗೇನಪ್ಪ, ಅವ್ನು ಬಾಯ್ ಮುಚ್ಕಂಡಿದ್ದು ಚೆಂದಾಗ್ ಕಾಣ್ತದೆ. ಕುಡ್ದ್ ಬಂದಾಗ ಬಾಯ್ ಮುಚ್ಕತಾನಾ? ಏಟ್ ತಿಂದೋಳು ನಾನು ಕನಪ್ಪ. ಅದೊಂದು ಹೇಳ್ಲಿ ಅಂತ್ಲೇ ನಾನು ಅವುನ್ನ ನಿನ್ ಜೊತೆ ಕಳ್ಸಿದ್ದು.'

ನನ್ನ ವಿಮರ್ಶೆಯ ಕಾಲ ಕೆಳಗಿನ ಚಾಪೆಯನ್ನು ದೊಡ್ಡಮ್ಮ ಹೀಗೆ ಎಳೆದುಬಿಟ್ಟಳು. ಅವಳು ಹೇಳಿದ್ದು ನಿಜ. ದೊಡ್ಡಪ್ಪನ ಸತ್ಯದ ಬೆಲೆಯನ್ನು ದಿನಾ ಸಂಜೆ ತೆತ್ತವಳು ಅವಳು. ದಲಿತ ಸಂಘರ್ಷ ಸಮಿತಿ ಹೆಂಡ ಬೇಡ, ವಸತಿ ಶಾಲೆ ಬೇಕು ಎಂದು ಕೂಗಿದಾಗ ಹೆಂಗಸರು ಅದನ್ನು ಯಾಕೆ ತಮ್ಮ ಕೂಗು ಮಾಡಿಕೊಂಡರು ಎಂಬುದು ನನಗೆ ಪುಸ್ತಕದಿಂದ ಗೊತ್ತಿತ್ತು, ಅಡುಗೆಮನೆಯಿಂದ ಗೊತ್ತಿರಲಿಲ್ಲ. 2007ರಲ್ಲಿ ಸಾರಾಯಿ ನಿಂತಿತು. ಸಾರಾಯಿ ಪ್ಯಾಕೆಟ್ಟಿನ ಜಾಗಕ್ಕೆ ಕ್ವಾಟ್ರು ಬಂತು. ಐದನೆಯ ಶೀಲವನ್ನು ಮೇಲ್ಜಾತಿಯ ಮಡಿ ಎಂದು ತಳ್ಳಿಹಾಕುವುದು ಗಂಡಸರ ಅನುಕೂಲದ ಬಂಡಾಯ. ಬೀದಿಯಲ್ಲಿ ತಮಟೆ, ಮನೆಯಲ್ಲಿ ಏಟು.

ಆಮೇಲೆ ವಿನಯದಲ್ಲಿ ಕುಡಿತದ ನಿಯಮ ಹೇಗೆ ಬಂತೆಂದು ಮತ್ತೆ ತೆಗೆದು ನೋಡಿದೆ. ಸಾಗತ ಎಂಬ ಭಿಕ್ಖು ಒಂದು ಭಯಂಕರ ನಾಗನನ್ನು ಪಳಗಿಸಿದ. ಕೋಸಂಬಿಯ ಜನ ಸಂತೋಷಕ್ಕೆ ಮನೆಮನೆಯಲ್ಲೂ ಅವನಿಗೆ ಹೆಂಡ ಕೊಟ್ಟರು. ಕುಡಿದು ಊರಬಾಗಿಲಲ್ಲಿ ಬಿದ್ದ. ಬುದ್ಧ ಅವನನ್ನು ಎತ್ತಿಸಿ ತಂದು ಕೇಳಿದ್ದು, ಇವನೀಗ ಒಂದು ನೀರುಹಾವನ್ನಾದರೂ ಪಳಗಿಸಬಲ್ಲನೇ ಎಂದು. ಮೈಲಿಗೆಯ ಮಾತೇ ಇಲ್ಲ. ಇದ್ದ ಶಕ್ತಿ ಹೋಯಿತಲ್ಲ ಎಂಬ ಮರುಕ ಇದೆ. ಕುಡಿದವನು ಒಬ್ಬ, ಕುಡಿಸಿದ್ದು ಇಡೀ ಊರು. ನಾವು ನಿಯಮವನ್ನು ಕುಡಿದವನಿಗೆ ಮಾತ್ರ ಮಾಡಿ, ಕುಡಿಸಿದ ಊರನ್ನು ಬಿಟ್ಟೆವು. ಗುಂಡಿಯ ಬಾಯಲ್ಲಿ ನಿಂತು ಕ್ವಾಟ್ರಿಗೆ ಕಾಸು ಕೊಡುವ ಕೈ ಯಾವ ಶೀಲದ ಲೆಕ್ಕಕ್ಕೆ ಬರುತ್ತದೆ? ನನ್ನ ಪ್ರಕಾರ ಅದು ಮೊದಲನೆಯದರ ಲೆಕ್ಕಕ್ಕೇ ಬರಬೇಕು, ಜೀವ ತೆಗೆಯುವುದರ ಲೆಕ್ಕಕ್ಕೆ.

ದಲಿತ ವಿಮರ್ಶೆಗೆ ಶೀಲ ಒಂದು ಪರಿಕಲ್ಪನೆಯಾಗಿ ಒದಗುವುದಾದರೆ ಅದು ಈ ಎರಡೂ ಕಡೆ ಕಣ್ಣಿಟ್ಟಾಗ ಮಾತ್ರ. ಯಾರು ತಪ್ಪಿದರು ಎಂದು ಕೇಳುವಾಗಲೇ ಯಾರು ಕೊಡಲಿಲ್ಲ, ಯಾರು ಕುಡಿಸಿದರು, ಯಾರು ತೊಳೆಯಲಿಲ್ಲ ಎಂದೂ ಕೇಳಬೇಕು. ಆ ಪ್ರಶ್ನೆಗಳನ್ನು ನೆಪ ಮಾಡಿಕೊಂಡು ದೊಡ್ಡಮ್ಮನ ಬೆನ್ನಿನ ಬಾಸುಂಡೆಯನ್ನು ಮರೆಯಲೂಬಾರದು. ಕೃತಿಯನ್ನು ಓದುವಾಗಲೂ ಅಷ್ಟೆ, ನಮ್ಮ ಸಂಘಟನೆಗಳನ್ನು ನೋಡಿಕೊಳ್ಳುವಾಗಲೂ ಅಷ್ಟೆ.

ದೊಡ್ಡಮ್ಮ ತನ್ನ ದಾರಿಯನ್ನು ತಾನೇ ಹುಡುಕಿಕೊಂಡಿದ್ದಾಳೆ. ಹುಣ್ಣಿಮೆಯ ದಿನ ಕುಡಿಯಬಾರದು ಅಂತ ಕರಾರು. ದೊಡ್ಡಪ್ಪ ಒಪ್ಪಿದ. 'ಒಂದಿನ ಆದ್ರೆ ಹೇಳ್ಬೋದು, ಸುಳ್ಳಾಗಕಿಲ್ಲ' ಅಂದನಂತೆ. ಬೌದ್ಧ ಗೃಹಸ್ಥರು ಹುಣ್ಣಿಮೆ ಅಮಾವಾಸ್ಯೆಗಳಂದು ಒಂದು ದಿನದ ಮಟ್ಟಿಗೆ ಹೆಚ್ಚಿನ ಶೀಲ ತೆಗೆದುಕೊಳ್ಳುವ ಉಪೋಸಥದ ಕ್ರಮ ಬಹಳ ಹಳೆಯದು ಎಂದು ನಾನು ಅವರಿಗೆ ಹೇಳಲಿಲ್ಲ. ಮೂರು ಹುಣ್ಣಿಮೆ ಆಗಿದೆ. ಒಂದರಲ್ಲಿ ಯುಜಿಡಿ ಕಟ್ಟಿಕೊಂಡು ಕರೆ ಬಂತು. ಇವತ್ತು ಇಳಿಯಕ್ಕಾಗಲ್ಲ, ಮಿಷನ್ ತರ್ಸಿ ಅಂದನಂತೆ. ಅರ್ಧ ದಿನ ಕೂಗಾಡಿದ ಮೇಲೆ ಮಿಷನ್ ಬಂತು. ಅಲ್ಲಿಗೆ, ಮಿಷನ್ ಮೊದಲೂ ಇತ್ತು.

ಎರಡು ಹುಣ್ಣಿಮೆ ದೊಡ್ಡಪ್ಪ ಉಳಿಸಿಕೊಂಡ, ಒಂದು ತಪ್ಪಿದ. ದೊಡ್ಡಮ್ಮ ಲೆಕ್ಕ ಇಟ್ಟಿದ್ದಾಳೆ. ಮುಂದಿನ ಹುಣ್ಣಿಮೆಗೆ ಇಬ್ಬರನ್ನೂ ನನ್ನ ಬಾಡಿಗೆ ಮನೆಗೆ ಕರೆಯಬೇಕು ಅಂದುಕೊಂಡಿದ್ದೇನೆ. ಮಾಲೀಕರಿಗೆ ಇನ್ನೂ ಹೇಳಿಲ್ಲ.